ಕೊಬ್ಬರಿಯ ಮೇಲಿನ ಅರ್ಧ ನವಿಲು

ಓದುಗರ ಕಾಗದ, ಅಕ್ಕನ ಉತ್ತರ

ಈ ತಿಂಗಳು ಒಂದೇ ಕಾಗದ ಜಾಸ್ತಿ ಜಾಗ ತಿಂದಿದೆ. ಬರೆದ ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಕೊನೆಯಲ್ಲಿ ಎರಡು ಸಣ್ಣ ಕಾಗದಗಳಿಗೆ ಹೇಗೋ ಜಾಗ ಮಾಡಿದ್ದೇನೆ.

*

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ವಯಸ್ಸಿನಲ್ಲಿ ನಾನೇ ದೊಡ್ಡವನಿರಬೇಕು, ನನಗೀಗ 73. ನಮ್ಮನೆಯಲ್ಲಿ ಎಲ್ಲರೂ ನಿಮ್ಮನ್ನು ಅಕ್ಕಾವ್ರು ಅಂತಲೇ ಹೇಳುತ್ತಿದ್ದರು, ಅದಕ್ಕೆ ನಾನೂ ಹಾಗೇ ಬರೆಯುತ್ತಿದ್ದೇನೆ. ನಮ್ಮದು ತಿಪಟೂರಿನ ಪಕ್ಕದ ಹಳ್ಳಿ. ತೆಂಗಿನ ತೋಟ ಇದೆ. ನಮ್ಮನೆಯವಳು ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ವರ್ಷದ ಕಾರ್ಯಕ್ಕೆ ಬಂದವರಿಗೆ ಒಂದು ಚಿಕ್ಕ ನೆನಪಿನ ಪುಸ್ತಕ ಕೊಡೋಣ ಅಂತ ಮಕ್ಕಳು ಹೊರಟಿದ್ದಾರೆ. ನಾನು ಎರಡು ಪುಟ ಬರೆಯಬೇಕಂತೆ. ಎರಡು ತಿಂಗಳಿಂದ ಕೂರುತ್ತಿದ್ದೇನೆ. ‘ಸಾಧ್ವಿ, ಸದ್ಗೃಹಿಣಿ, ಮಮತೆಯ ಮಡಿಲು’ ಇಷ್ಟಾದ ಮೇಲೆ ಪೆನ್ನು ನಿಂತುಬಿಡುತ್ತದೆ.

ಅವಳು ಕೊಬ್ಬರಿ ಕೆತ್ತುತ್ತಿದ್ದಳು. ಮದುವೆಯಲ್ಲಿ ತಟ್ಟೆಗೆ ಜೋಡಿಸಿ ಇಡುತ್ತಾರಲ್ಲ, ಆ ಕೊಬ್ಬರಿ. ನವಿಲು, ಕಮಲ, ಹಂಸ, ಗಣಪತಿ. ಮೂವತ್ತೈದು ವರ್ಷದಲ್ಲಿ ಎಷ್ಟು ಮದುವೆಗೆ ಮಾಡಿಕೊಟ್ಟಳೋ ಲೆಕ್ಕ ಇಲ್ಲ. ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಕ್ರಾಂತಿ ಬಂದರೆ ಕುಸುರೆಳ್ಳು, ಸಕ್ಕರೆ ಅಚ್ಚು. ಬಾಗಿಲಿಗೆ ದಿನಾ ರಂಗೋಲಿ. ಇವತ್ತು ಹುಡುಕಿದರೆ ಅವಳು ಮಾಡಿದ್ದು ಅಂತ ಒಂದೂ ಇಲ್ಲ. ಒಂದಷ್ಟನ್ನು ಜನ ತಿಂದರು, ಉಳಿದದ್ದನ್ನು ನಾವೇ ಗುಡಿಸಿದೆವು. ಅಟ್ಟದ ಮೇಲಿನ ಡಬ್ಬಿಯಲ್ಲಿ ಒಂದೇ ಒಂದು ಕೊಬ್ಬರಿ ಸಿಕ್ಕಿದೆ. ಅದರ ಮೇಲೆ ಅರ್ಧ ನವಿಲು. ಮುಗಿಸಿಲ್ಲ. ಕಮಟು ವಾಸನೆ ಬರುತ್ತಿದೆ, ಹುಳುವೂ ಬಿದ್ದಿದೆ. ಅದನ್ನು ಏನು ಮಾಡಲಿ?

ಇನ್ನೊಂದು ವಿಷಯ. ಅವಳು ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿದ್ದಳು. ಹೈಯರ್ ಗ್ರೇಡಿಗೂ ದುಡ್ಡು ಕಟ್ಟಿದ್ದಳು. ಪರೀಕ್ಷೆಗೆ ಅಪ್ಪ ಕಳಿಸಲಿಲ್ಲ ಅಂತ ದೊಡ್ಡ ಮಗಳು ತನ್ನ ಲೇಖನದಲ್ಲಿ ಬರೆದಿದ್ದಾಳೆ. ನಿಜವೇ. ಆಗ ನಮ್ಮ ತಾಯಿಗೆ ಹುಷಾರಿರಲಿಲ್ಲ. ‘ಎರಡು ಮಕ್ಕಳ ತಾಯಿಗೆ ಈಗ ಎಂಥಾ ಪರೀಕ್ಷೆ’ ಅಂದುಬಿಟ್ಟೆ. ನಾಲ್ಕು ಜನ ನೆಂಟರು ಓದುವ ಪುಸ್ತಕ, ಆ ಮಾತು ತೆಗೆಸು ಅನ್ನುತ್ತಾನೆ ಮಗ. ಮಗಳು ಒಪ್ಪುತ್ತಿಲ್ಲ. ನಾನು ಯಾರ ಮಾತು ಕೇಳಲಿ?

– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಕಾಗದ ಒಂಬತ್ತು ಪುಟ ಇತ್ತು. ಮೇಲೆ ಹಾಕಿರುವುದು ಅದರ ಕಾಲುಭಾಗವೂ ಅಲ್ಲ. ಒಂಬತ್ತು ಪುಟ ಬರೆದವರು ಎರಡು ಪುಟ ಬರೆಯೋಕೆ ಬರಲ್ಲ ಅಂತ ನನಗೆ ಹೇಳುತ್ತಿದ್ದೀರಿ, ಅಲ್ವಾ?

ನಾನು ಡ್ರಾಯಿಂಗ್ ಮೇಷ್ಟ್ರ ಕೆಲಸ ಮಾಡಿದವಳು. ಕೈಯಲ್ಲಿ ಪೆನ್ಸಿಲ್ ಹಿಡಿಯದೆ ಏನನ್ನೂ ಓದಲು ಬರುವುದಿಲ್ಲ. ನಿಮ್ಮ ಕಾಗದದಲ್ಲಿ ‘ನಮ್ಮನೆಯವಳು’ ಅಂತ ಇಪ್ಪತ್ಮೂರು ಸಲ ಇದೆ. ‘ಅವಳು’ ಎಷ್ಟು ಸಲ ಇದೆಯೋ, ಎಣಿಸುವುದು ಬಿಟ್ಟೆ. ಅವರ ಹೆಸರು ಮಾತ್ರ ಒಂದು ಸಲವೂ ಇಲ್ಲ. ಪತ್ರಿಕೆಯಲ್ಲಿ ಹೆಸರು ಬೇಡ ಅಂದಿದ್ದೀರಿ, ಸರಿ. ನನಗೆ ಬರೆದ ಕಾಗದದಲ್ಲೂ ಇಲ್ಲವಲ್ಲ! ನಮ್ಮ ಕಡೆ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲ, ಗೊತ್ತು. ‘ಏ ಇವಳೇ’, ‘ಕೇಳಿಸ್ತೇನೇ’ ಅಂತಲೇ ನಲವತ್ತೈವತ್ತು ವರ್ಷ ಕಳೆದುಬಿಡುತ್ತಾರೆ. ಅದಕ್ಕೇ ನಿಮ್ಮ ಎರಡು ಪುಟದ ಮೊದಲ ಸಾಲಿನಲ್ಲಿ ಅವರ ಹೆಸರು ಬರೆಯಿರಿ. ಸೌಭಾಗ್ಯವತಿ, ಶ್ರೀಮತಿ ಏನೂ ಬೇಡ. ಬರೀ ಹೆಸರು. ಅದನ್ನು ಬರೆದ ಮೇಲೆ ಅವತ್ತಿಗೆ ಎದ್ದುಬಿಟ್ಟರೂ ಪರವಾಗಿಲ್ಲ.

ನಿಮ್ಮ ಪೆನ್ನು ಯಾಕೆ ನಿಲ್ಲುತ್ತದೆ ಅಂತ ನನಗೆ ಗೊತ್ತಿದೆ. ನನಗೂ ನಿಂತಿತ್ತು. ನಮ್ಮಮ್ಮ ಗುಬ್ಬಿಯವರು. ವೀರಣ್ಣನವರ ಊರು ಅಂದಮೇಲೆ ನಾಟಕದ ಹುಚ್ಚು ಕೇಳಬೇಕೆ? ಅವರೆಕಾಯಿ ಬಿಡಿಸಲು ಕೂತರೆ ಒಂದು ಇಡೀ ನಾಟಕ ಆಗಿಹೋಗುತ್ತಿತ್ತು. ರಾಜನ ದನಿ, ರಾಣಿಯ ದನಿ, ಕುಡುಕ ಕಾವಲುಗಾರನ ದನಿ, ಎಲ್ಲಾ ಅಮ್ಮನದೇ. ಕಾವಲುಗಾರ ಬಂದಾಗ ಕಾಯಿಗಿಂತ ಸಿಪ್ಪೆಯೇ ಬುಟ್ಟಿಗೆ ಬೀಳುತ್ತಿತ್ತು. ಅಮ್ಮ ಹೋದಾಗ ಕಾರ್ಡು ಅಚ್ಚು ಹಾಕಿಸಲು ತುಮಕೂರಿನಲ್ಲೇ ಒಂದು ಪ್ರೆಸ್ಸಿಗೆ ಹೋದೆ. ‘ಮ್ಯಾಟರ್ ರೆಡಿ ಇದೆ ಮೇಡಂ, ಹೆಸರು, ತಾರೀಕು ಹೇಳಿ ಸಾಕು’ ಅಂದರು. ಸಾಕು ಅಂದುಕೊಂಡೆ. ‘ಸಾಧ್ವಿ ಶಿರೋಮಣಿ, ಕರುಣಾಮಯಿ’ ಅಂತ ಬಂತು. ಅದೇ ವಾರ ನಮ್ಮ ಬೀದಿಯಲ್ಲಿ ಇನ್ನೊಬ್ಬರು ತೀರಿಕೊಂಡಿದ್ದರು. ಅವರ ಕಾರ್ಡಿನಲ್ಲೂ ಅದೇ ಶಿರೋಮಣಿ, ಅದೇ ಕರುಣಾಮಯಿ. ಆಕೆ, ಪಾಪ, ಬೀದಿಗೆಲ್ಲ ಬಯ್ಯುತ್ತಾ ಇದ್ದವರು! ನಮ್ಮಮ್ಮ ಕುಡುಕ ಕಾವಲುಗಾರ ಆಗುತ್ತಿದ್ದರು ಅಂತ ಎಲ್ಲೂ ಬರಲೇ ಇಲ್ಲ.

ಡ್ರಾಯಿಂಗ್ ಪರೀಕ್ಷೆಯ ಮಾತು ನೀವೇ ಎತ್ತಿದ್ದರಿಂದ ಒಂದು ಹೇಳುತ್ತೇನೆ. ಆ ಪರೀಕ್ಷೆಯಲ್ಲಿ ಮೆಮೊರಿ ಡ್ರಾಯಿಂಗ್ ಅಂತ ಒಂದಿತ್ತು. ಎದುರಿಗೆ ಏನೂ ಇಡುತ್ತಿರಲಿಲ್ಲ, ನೆನಪಿನಿಂದ ಬರೆಯಬೇಕು. ‘ಬಾವಿಯಿಂದ ನೀರು ಸೇದುವ ಹೆಂಗಸು’ ಅಂತ ನಾನೂ ಎಷ್ಟೋ ಸಲ ತರಗತಿಯಲ್ಲಿ ಕೊಟ್ಟಿದ್ದೇನೆ. ಮುಕ್ಕಾಲು ಪಾಲು ಮಕ್ಕಳು ಮೊದಲು ಮುಖ ಬರೆಯುತ್ತಿದ್ದರು. ದೊಡ್ಡ ಕಣ್ಣು, ಉದ್ದ ಜಡೆ, ಕ್ಯಾಲೆಂಡರಿನ ಲಕ್ಷ್ಮಿ ಥರ. ಆಮೇಲೆ ಕೈಗೆ ಒಂದು ಹಗ್ಗ ಅಂಟಿಸುತ್ತಿದ್ದರು. ನೀರೇ ಬರಲ್ಲ ಆ ಹಗ್ಗದಿಂದ! ಒಂದಿಬ್ಬರು ಮಾತ್ರ ಮುಖ ಬಿಟ್ಟು ಸೊಂಟದಿಂದ ಶುರು ಮಾಡುತ್ತಿದ್ದರು. ಭಾರದ ಕೊಡ ಮೇಲೆ ಬರುವಾಗ ಮೈ ಎಷ್ಟು ಹಿಂದಕ್ಕೆ ವಾಲುತ್ತದೆ, ಎರಡು ಕೈ ಒಂದರ ಕೆಳಗೊಂದು ಹೇಗೆ ಬರುತ್ತವೆ, ಕಾಲು ಎಲ್ಲಿ ಊರುತ್ತದೆ. ಅವರು ದಿನಾ ಮನೆಯಲ್ಲಿ ಅಮ್ಮನನ್ನು ನೋಡಿದ ಮಕ್ಕಳು. ನೀವೂ ಮುಖ ಬರೆಯಲು ಹೋಗಿ ಸಿಕ್ಕಿಕೊಂಡಿದ್ದೀರಿ ಅಣ್ಣಾ. ಕೈಯಿಂದ ಶುರು ಮಾಡಿ.

ಹೇಗೆ ಅಂತ ಕೇಳಿದರೆ, ನಿಮ್ಮ ಐದನೇ ಪುಟ ತೆಗೆಯಿರಿ. ನಕಲು ಇಟ್ಟುಕೊಂಡಿರಲಾರಿರಿ ಅಂತ ಕಾಗದವನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ತೋಟದವರಿಗೆಲ್ಲ ಗೊತ್ತಿರುವ ವಿಷಯ. ಆದರೆ ವ್ಯಾಪಾರದವನು ಬರುವ ಹಿಂದಿನ ದಿನ ಅವರು ಅಟ್ಟ ಹತ್ತಿ, ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಹನ್ನೆರಡು ಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿಯುತ್ತಿದ್ದರು ಅಂತ ಬರೆದಿದ್ದೀರಿ. ‘ಒಳ್ಳೇ ಮಾಲೆಲ್ಲ ನೀನೇ ಎತ್ತಿಟ್ಟರೆ ಅವನಿಗೆ ಏನು ಕೊಡಲಿ’ ಅಂತ ನೀವು ರೇಗಿದ್ದಕ್ಕೆ, ‘ಅವನು ತೂಕಕ್ಕೆ ತಗೋತಾನೆ, ನಾನು ದನಿಗೆ ತಗೋತೀನಿ’ ಅಂದರಂತೆ. ಅಣ್ಣಾ, ಈ ಮಾತು ಕೈಯಲ್ಲಿಟ್ಟುಕೊಂಡು ಸದ್ಗೃಹಿಣಿ ಅಂತ ಬರೆಯುತ್ತಾ ಕೂತಿದ್ದೀರಲ್ಲ!

ಮೊದಲ ಪುಟ ಅಲ್ಲೇ ಇದೆ. ಅಲ್ಲಿಂದ ಮುಂದಕ್ಕೆ ಹೋಗಿ. ಚಿಪ್ಪು ಒಡೆಯುವಾಗ ಒಳಗಿನ ಉಂಡೆಗೆ ಪೆಟ್ಟಾಗದ ಹಾಗೆ ಎಲ್ಲಿ ತಟ್ಟುತ್ತಿದ್ದರು? ಯಾವುದರಿಂದ? ಕೂತು ಕೆತ್ತುತ್ತಿದ್ದದ್ದು ಎಲ್ಲಿ, ಅಡುಗೆಮನೆಯ ಹೊಸಿಲಲ್ಲೋ ಹಿತ್ತಿಲ ಜಗಲಿಯಲ್ಲೋ? ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು? ಮೇಲಿನ ಕಂದು ಸಿಪ್ಪೆ ಎಲ್ಲಿ ಬಿಡಬೇಕು, ಎಲ್ಲಿ ತೆಗೆದು ಒಳಗಿನ ಬಿಳುಪು ಕಾಣಿಸಬೇಕು ಅನ್ನುವುದರಲ್ಲೇ ಆ ಕೆಲಸದ ಜಾಣತನ ಇರುವುದು. ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಾನು ಹೈಯರ್ ಗ್ರೇಡ್ ಪಾಸಾದವಳು. ತಂಗಿಯ ಮಗಳ ಮದುವೆಗೆ ಅಂತ ಕೊಬ್ಬರಿ ಕೆತ್ತಲು ಕೂತು ಎರಡು ಉಂಡೆ ಹಾಳು ಮಾಡಿ, ಬ್ಲೇಡಿನಿಂದ ಹೆಬ್ಬೆರಳು ಕೊಯ್ದುಕೊಂಡು, ಚಟ್ನಿಪುಡಿ ಮಾಡಿ ಮುಗಿಸಿದೆ. ನಿಮ್ಮ ಪುಸ್ತಕ ಓದುವ ನೆಂಟರು ಆ ತಟ್ಟೆಗಳನ್ನು ನೋಡಿದ್ದಾರೆ, ‘ಚೆನ್ನಾಗಿದೆ’ ಅಂದಿದ್ದಾರೆ. ಹೇಗೆ ಮಾಡುತ್ತಿದ್ದರು ಅಂತ ನೋಡಿದವರು ಮನೆಯವರು ಮಾತ್ರ.

ಸಿಟ್ಟನ್ನೂ ಬರೆಯಿರಿ. ಕೆತ್ತುವಾಗ ಯಾರಾದರೂ ಕಾಫಿ ಕೇಳಿದರೆ ಮೂರು ದಿನ ಮಾತು ಬಿಡುತ್ತಿದ್ದರು ಅಂತ ಎಂಟನೇ ಪುಟದ ಅಂಚಿನಲ್ಲಿ ಸಣ್ಣಗೆ ಬರೆದು ಹೊಡೆದುಹಾಕಿದ್ದೀರಿ. ಹೊಡೆದದ್ದೂ ಕಾಣಿಸುತ್ತದೆ! ಅದನ್ನು ಬಿಡಬೇಡಿ.

ಒಂದೂ ಉಳಿದಿಲ್ಲ ಅಂದಿರಿ. ಉಳಿದಿವೆ. ನಿಮ್ಮ ಮನೆಯಲ್ಲಿ ಅಲ್ಲ, ಬೇರೆಯವರ ಮನೆಯ ಮದುವೆ ಆಲ್ಬಮ್ಮಿನಲ್ಲಿ. ಫೋಟೊದವನು ಗಂಡುಹೆಣ್ಣಿಗೆ ಕ್ಯಾಮೆರಾ ಹಿಡಿದಿರುತ್ತಾನೆ. ಆದರೆ ಮುಂದಿನ ಮಣೆಯ ಮೇಲೆ, ಹೂವು ಹಣ್ಣಿನ ಪಕ್ಕ, ಮೂಲೆಯಲ್ಲಿ ಅರ್ಧ ಕತ್ತರಿಸಿದ ಹಾಗೆ ಆ ತಟ್ಟೆ ಇದ್ದೇ ಇರುತ್ತದೆ. ಮೊಮ್ಮಕ್ಕಳಿಗೆ ಒಂದು ಕೆಲಸ ಕೊಡಿ. ಯಾರ್ಯಾರ ಮದುವೆಗೆ ಮಾಡಿಕೊಟ್ಟಿದ್ದರೋ ಅವರಿಗೆಲ್ಲ ಫೋನು ಮಾಡಿ, ‘ನಿಮ್ಮ ಫೋಟೊ ಬೇಡ, ತಟ್ಟೆ ಕಾಣುವ ಫೋಟೊ ಮೊಬೈಲಿನಲ್ಲಿ ತೆಗೆದು ಕಳಿಸಿ’ ಅಂತ ಕೇಳಲಿ. ಹಳೇ ಆಲ್ಬಮ್ಮಿನ ಅಂಟು ಹಾಳೆಯಿಂದ ಫೋಟೊ ಕೀಳಲು ಹೋಗಬಾರದು, ಹರಿದುಹೋಗುತ್ತದೆ. ಇದ್ದಲ್ಲೇ, ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಹೊಳೆಯದ ಹಾಗೆ ಸ್ವಲ್ಪ ಓರೆಯಾಗಿ ಹಿಡಿದು ತೆಗೆದರೆ ಸಾಕು. ಮದುವೆಯ ವಿಡಿಯೊ ಇದ್ದವರು ಇನ್ನೂ ಒಳ್ಳೆಯದು. ಅದರಲ್ಲಿ ತಟ್ಟೆಗಳನ್ನು ಒಂದೊಂದಾಗಿ ತೋರಿಸುವ ಪದ್ಧತಿ ಇತ್ತು, ಸುಮ್ನೆ ಹತ್ತು ನಿಮಿಷ. ನಾವೆಲ್ಲ ಓಡಿಸಿಬಿಡುತ್ತಿದ್ದೆವಲ್ಲ, ಆ ಹತ್ತು ನಿಮಿಷ.

ರಂಗೋಲಿಗೆ ಬಂದರೆ, ಧನುರ್ಮಾಸದಲ್ಲಿ ಹದಿನೈದು ಚುಕ್ಕಿಯದು, ಎಂಟರವರೆಗೆ, ಹಾಕುತ್ತಿದ್ದರು, ನಾನು ಸ್ಕೂಟರು ತಳ್ಳಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದೆ ಅಂದಿದ್ದೀರಿ. ಸಂದು ಚುಕ್ಕಿಯಲ್ಲಿ, ಅಂದರೆ ನಡುಸಾಲಿನ ಹದಿನೈದರಿಂದ ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆಯಾಗುತ್ತಾ ಎಂಟರವರೆಗೆ, ಒಟ್ಟು 169 ಚುಕ್ಕಿ. ಬೆಳಗಿನ ಚಳಿಯಲ್ಲಿ ಬಗ್ಗಿ 169 ಚುಕ್ಕಿ ಇಟ್ಟು, ಆಮೇಲೆ ಗೆರೆ. ಪುಸ್ತಕದ ಒಂದು ಪುಟದಲ್ಲಿ ಆ ಚುಕ್ಕಿಗಳನ್ನು ಮಾತ್ರ ಅಚ್ಚು ಹಾಕಿಸಿ, ಗೆರೆ ಎಳೆಯದೆ ಬಿಡಿ. ಮನೆಗೆ ಹೋಗಿ ಯಾರಾದರೂ ಎಳೆದುಕೊಳ್ಳಲಿ. ಮಕ್ಕಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವರು ನಕ್ಷೆ ಬರೆದಿಟ್ಟಿದ್ದು ಸಿಕ್ಕರೆ ಹಾಳೆ ಹರಿದು ತೆಗೆಯಬೇಡಿ. ಇಡೀ ಪುಸ್ತಕದ ಫೋಟೊ ತೆಗೆಸಿ, ಎರಡೂ ಮಗ್ಗುಲು. ಪಕ್ಕದಲ್ಲಿ ಹಾಲಿನ ಲೆಕ್ಕ ಇದ್ದರೆ ಅದೂ ಇರಲಿ.

ಇನ್ನು ಆ ಅರ್ಧ ನವಿಲು. ನೇರವಾಗಿ ಹೇಳುತ್ತೇನೆ, ಅದು ಉಳಿಯುವುದಿಲ್ಲ. ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಎಣ್ಣೆ. ಕಮಟು ಬಂದ ಮೇಲೆ ಹಿಂದಕ್ಕೆ ಹೋಗಲ್ಲ, ಹುಳು ಬಿದ್ದ ಮೇಲೆ ಪುಡಿಯಾಗುತ್ತಾ ಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ವಾರ್ನಿಷ್ ಬಳಿಯಿರಿ ಅಂತ ಯಾರಾದರೂ ಹೇಳಿಯಾರು, ಬೇಡ. ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಪುಡಿ ಕೊಡವಿ. ಬೆಳಿಗ್ಗೆ ಕಿಟಕಿಯ ಪಕ್ಕ, ಬಿಸಿಲು ಅಡ್ಡ ಬೀಳುವಾಗ ಇಟ್ಟು ಫೋಟೊ ತೆಗೆಸಿ. ನೆತ್ತಿಯ ಮೇಲಿನ ಬೆಳಕಿನಲ್ಲಿ ಕೆತ್ತನೆಯ ಆಳ ಕಾಣಿಸುವುದಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ಆಮೇಲೆ ತೆಳ್ಳನೆ ಬಟರ್ ಪೇಪರ್ ಸುತ್ತಿ, ಪೆನ್ಸಿಲ್ಲಿನಿಂದ ಮೆಲ್ಲಗೆ ತಿಕ್ಕಿ ಗೆರೆಗಳನ್ನು ಎತ್ತಿಕೊಳ್ಳಿ. ಇದಾದ ಮೇಲೆ ಕೊಬ್ಬರಿಯನ್ನು ತೋಟದಲ್ಲಿ, ಅವರು ಕಾಯಿ ಆರಿಸುತ್ತಿದ್ದ ಮರಗಳ ಬುಡದಲ್ಲಿ ಎಲ್ಲಾದರೂ ಹೂಳಿ. ಇನ್ನರ್ಧ ನವಿಲನ್ನು ಮುಗಿಸೋಣ ಅಂತ ಮಗಳು ಕೇಳಿದ್ದಾಳೆ ಅಂದಿರಿ. ನನಗೆ ಅದು ಇಷ್ಟವಾಗಲಿಲ್ಲ. ಅವಳು ಹೊಸ ಕೊಬ್ಬರಿ ತಗೊಂಡು ತನ್ನದೇ ನವಿಲು ಮಾಡಲಿ, ಕೆಟ್ಟರೆ ಚಟ್ನಿಪುಡಿ ಇದ್ದೇ ಇದೆ. ಅಮ್ಮನದು ಅರ್ಧವೇ ಇರಲಿ.

ಕೊನೆಗೆ ಪರೀಕ್ಷೆಯ ಮಾತು. ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು. ಯಾಕೆಂದರೆ ನಾನು ಅದೇ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದವಳು. ನನ್ನ ಗಂಡನ ಮನೆಯಲ್ಲೂ ‘ಈಗ ಯಾಕೆ’ ಅಂದವರಿದ್ದರು. ಅವತ್ತು ನಮ್ಮ ಮಾವನವರು ಸುಮ್ಮನೆ ಬಸ್ಸಿನ ದುಡ್ಡು ಕೈಗಿಟ್ಟರು. ನನ್ನ ಬದುಕಿಗೂ ನಿಮ್ಮ ಮನೆಯವರ ಬದುಕಿಗೂ ಇರುವ ವ್ಯತ್ಯಾಸ ಆ ಬಸ್ಸಿನ ಚಾರ್ಜಷ್ಟೇ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಆದರೆ ಮಗಳ ಮಾತು ತೆಗೆಸಲು ನಾನು ಒಪ್ಪುವುದಿಲ್ಲ.

ಮಗನ ಮುಜುಗರವೂ ನನಗೆ ಅರ್ಥವಾಗುತ್ತದೆ. ಅಪ್ಪನ ತಪ್ಪನ್ನು ಅಪ್ಪ ಇದ್ದಾಗಲೇ ಅಚ್ಚು ಹಾಕುವುದು ಯಾವ ಮಗನಿಗೆ ಸುಲಭ? ಅದಕ್ಕೆ ಒಂದೇ ದಾರಿ. ಅದನ್ನು ಮಗಳು ಬರೆಯುವುದಕ್ಕಿಂತ ನೀವೇ ಬರೆಯಿರಿ. ನೀವು ಬರೆದರೆ ಅವಳು ಬರೆಯುವ ಅಗತ್ಯ ಬೀಳದು, ಅವಳನ್ನೇ ಕೇಳಿ ನೋಡಿ. ಉದ್ದ ಬೇಡ. ಪಶ್ಚಾತ್ತಾಪ ಪಡುತ್ತಿದ್ದೇನೆ, ಕ್ಷಮಿಸು ಎಂದು ನಾಟಕದ ಮಾತೂ ಬೇಡ. ನಿಮ್ಮ ಏಳನೇ ಪುಟದಲ್ಲಿ ಒಂದು ಸಾಲು ಇದೆ, ಬರೆದಾಗ ನೀವು ಗಮನಿಸಿದಿರೋ ಇಲ್ಲವೋ ಗೊತ್ತಿಲ್ಲ. ‘ಪರೀಕ್ಷೆಗೆ ಅಂತ ತರಿಸಿಕೊಂಡಿದ್ದ ಕಂಪಾಸ್ ಬಾಕ್ಸ್ ಇತ್ತು, ಅದರ ಡಿವೈಡರಿನ ಮುಳ್ಳಿನಿಂದಲೇ ಕೊಬ್ಬರಿ ಮೇಲೆ ಗೆರೆ ಗೀರಿಕೊಳ್ಳುತ್ತಿದ್ದಳು, ಕೊನೇವರೆಗೂ’ ಅಂತ. ಈ ಸಾಲಾದ ಮೇಲೆ ‘ಆ ಪರೀಕ್ಷೆಗೆ ನಾನು ಕಳಿಸಲಿಲ್ಲ’ ಅಂತ ಸೇರಿಸಿ. ಅಷ್ಟೇ. ನೆಂಟರು ಓದಲಿ.

ಆ ಡಿವೈಡರ್ ಇನ್ನೂ ಇದೆಯಾ? ಇದ್ದರೆ ಪುಸ್ತಕದ ರಟ್ಟಿನ ಮೇಲೆ ಅದರ ಫೋಟೊ, ಅರ್ಧ ನವಿಲಿನ ಪಕ್ಕದಲ್ಲಿ. ಪುಸ್ತಕ ಆದಾಗ ನನಗೊಂದು ಪ್ರತಿ ಕಳಿಸಿ. ವಿಳಾಸ ನಿಮ್ಮ ಹತ್ತಿರ ಇದೆ.

*

ಪ್ರಶ್ನೆ: ನಮ್ಮತ್ತೆ ಹಸೆಗೆ ಕರೆಯುವ ಹಾಡು, ಆರತಿ ಹಾಡು ತುಂಬಾ ಹೇಳುತ್ತಿದ್ದರು. ಅವರಿದ್ದಾಗ ಒಂದು 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆವು. ಈಗ ಹಾಕಲು ಟೇಪ್‌ರೆಕಾರ್ಡರ್ ಇಲ್ಲ. ಹಾಕಿದರೆ ಹರಿದುಹೋದೀತು ಅಂತ ಭಯ.

– ಸೊಸೆ, ಕೋಲಾರ

ಉತ್ತರ: ಭಯ ಸರಿಯಾಗಿಯೇ ಇದೆ. ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಗ ಯಾರಾದರೂ ಅಪ್ಪಿತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗಲ್ಲ. ಟೇಪಿನ ಸುರುಳಿಯ ಮೇಲೆ ಬೆಳ್ಳಗೆ ಬೂಷ್ಟು ಕಂಡರೆ ಮನೆಯಲ್ಲಿ ಹಾಕಲೇಬೇಡಿ, ಈ ಕೆಲಸ ಗೊತ್ತಿರುವವರಿಗೆ ಕೊಡಿ. ಬೂಷ್ಟು ಇಲ್ಲದಿದ್ದರೆ, ಟೇಪು ತಾಗುವ ಹೆಡ್ಡನ್ನು ಒರೆಸಿದ ಒಳ್ಳೆ ಟೇಪ್‌ರೆಕಾರ್ಡರಿನಲ್ಲಿ ಒಂದು ಸಲ ಕೊನೆವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಕೇಳಿ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಬೇಡಿ. ಇಯರ್‌ಫೋನ್ ತೂತಿನಿಂದ ತಂತಿ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ಒಂದು ಮಗ್ಗುಲಿಗೆ ಅರ್ಧ ಗಂಟೆ, ಮಧ್ಯೆ ನಿಲ್ಲಿಸಬೇಡಿ. ಹಾಡಿನ ನಡುವೆ ಕೆಮ್ಮು, ‘ಮುಂದೇನೇ ಅದು’ ಅಂತ ಕೇಳಿದ್ದು, ಕುಕ್ಕರ್ ಕೂಗಿದ್ದು, ಎಲ್ಲಾ ಇರುತ್ತದಲ್ಲ. ಅದನ್ನು ಕತ್ತರಿಸಿ ಚೆಂದ ಮಾಡುತ್ತೇನೆ ಅನ್ನುವ ಹುಡುಗರ ಕೈಗೆ ಕೊಡಬೇಡಿ.

*

ಪ್ರಶ್ನೆ: ಅಮ್ಮನ ಕಾಲದ ಸಕ್ಕರೆ ಅಚ್ಚಿನ ಮರದ ಮಣೆಗಳು ಸಿಕ್ಕಿವೆ. ಹೋದ ಸಂಕ್ರಾಂತಿಗೆ ಹಾಕಿದರೆ ಎಲ್ಲಾ ಅಂಟಿಕೊಂಡು ಪುಡಿಪುಡಿ. ಅಮ್ಮನಿಗೆ ಒಂದೂ ಮುರಿಯುತ್ತಿರಲಿಲ್ಲ.

– ಮಧುಗಿರಿ

ಉತ್ತರ: ಮಣೆ ಒಣಗಿದ್ದರೆ ಅಂಟಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ನೀರು ಒರೆಸಿ, ಎರಡು ಭಾಗ ಸರಿಯಾಗಿ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ. ಪಾಕ ಕುದಿಯುವಾಗ ಒಂದೆರಡು ಚಮಚ ಹಾಲು ಬಿಟ್ಟರೆ ಕಸವೆಲ್ಲ ನೊರೆಯಲ್ಲಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಂದೇ ಸಲ ಎಲ್ಲಾ ಪಾಕ ಬಿಸಿ ಮಾಡಬೇಡಿ. ಒಂದೊಂದು ಸೌಟು ಚಿಕ್ಕ ಪಾತ್ರೆಗೆ ಹಾಕಿ ತಿರುವುತ್ತಾ ಇರಿ. ಅಂಚಿನಲ್ಲಿ ಬೆಳ್ಳಗಾಗಿ ಹರಳುಗಟ್ಟಲು ಶುರುವಾದ ಕೂಡಲೇ ಅಚ್ಚಿಗೆ ಸುರಿಯಿರಿ. ಒಂದು ಕ್ಷಣ ತಡವಾದರೆ ಸೌಟಿನಲ್ಲೇ ಕಲ್ಲು. ಐದಾರು ನಿಮಿಷ ಬಿಟ್ಟು ಬಿಚ್ಚಿ.

ನಿಮ್ಮಮ್ಮನಿಗೂ ಮೊದಲ ಸಲದ್ದು ಮುರಿಯುತ್ತಿತ್ತು. ನಿಮಗೆ ನೆನಪಿಲ್ಲ, ಯಾಕೆಂದರೆ ಆ ಚೂರೆಲ್ಲ ತಿಂದವರು ನೀವೇ.